ತಕ್ಕಡಿಗೆ ಕಾಣದ ಕಬ್ಬಿಣ

ಹಾನಗಲ್ಲಿನ ಸಂತೆಯಲ್ಲಿ ಗೋಧಿ ಕೊಳ್ಳುವವರು ಕಾಳನ್ನು ಅಂಗೈಗೆ ಹಾಕಿಕೊಂಡು ಬಣ್ಣ ನೋಡುತ್ತಾರೆ, ಹುಳು ನೋಡುತ್ತಾರೆ, ಕಸ ನೋಡುತ್ತಾರೆ. ಇದರಲ್ಲಿ ಕಬ್ಬಿಣಾಂಶ ಎಷ್ಟೆಂದು ಕೇಳಿದರೆ ಅಂಗಡಿಕಾರ ನಕ್ಕಾನು. ತಪ್ಪು ಅವನದಲ್ಲ, ಅವನ ತಕ್ಕಡಿ ಬಲ್ಲುದು ಭಾರವನ್ನು ಮಾತ್ರ. ಸರಕಾರದ ತಕ್ಕಡಿಯೂ ಅಷ್ಟನ್ನೇ ಬಲ್ಲುದು ಎಂಬುದು ನಮ್ಮ ತಕರಾರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು. ಊಟದಲ್ಲಿ ಕಬ್ಬಿಣ ಸಾಲದಿರುವುದು ಅವುಗಳಲ್ಲಿ ದೊಡ್ಡದು.

ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ. ಸಾಮಾನ್ಯ ಗೋಧಿಯ ಒಂದು ಕಿಲೋದಲ್ಲಿ 28ರಿಂದ 32 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯ ಎಂಎಸಿಎಸ್ 4028 ತಳಿಯಲ್ಲಿ ಅದು 46.1, ಇಂದೋರಿನ ಎಚ್‌ಐ 8777ರಲ್ಲಿ 48.7. ಎರಡೂ 2018ರಲ್ಲಿ ಬಿಡುಗಡೆಯಾದವು. ಎರಡೂ ಮಹಾರಾಷ್ಟ್ರ, ಕರ್ನಾಟಕಗಳ ಮಳೆಯಾಶ್ರಿತ ಹೊಲಗಳಿಗೆಂದೇ ಆರಿಸಿದವು. ಖರ್ಚಾದದ್ದು ಜನರ ತೆರಿಗೆಯ ಹಣ.

ತಳಿಶಾಸ್ತ್ರವೆಂದರೆ ಪಂಡಿತರ ಗುಟ್ಟೆಂದು ಯಾರೂ ಹೆದರಬೇಕಿಲ್ಲ. ಹಿರೇಕೆರೂರು ಕಡೆ ಬೀಜದ ಪ್ಲಾಟಿನಲ್ಲಿ ಹತ್ತಿ ಹೂವಿಗೆ ಕ್ರಾಸಿಂಗ್ ಮಾಡಿದ ಹೆಣ್ಣುಮಗಳು ಅದರ ಅರ್ಧವನ್ನು ಬಲ್ಲಳು: ಒಂದು ಹೂವಿನ ಗಂಡುಭಾಗ ಕಿತ್ತು, ಇನ್ನೊಂದರ ಪರಾಗ ಒರೆಸುವುದು. ಗೋಧಿಯಲ್ಲೂ ಇದೇ ಕೆಲಸ. ಆಮೇಲೆ ಸಾವಿರಾರು ಸಂತತಿಗಳಲ್ಲಿ ಕಬ್ಬಿಣ ಹೆಚ್ಚಿರುವುದನ್ನು ಹುಡುಕಬೇಕು. ಒಂದೇ ವಂಶವಾಹಿ ಎಲ್ಲವನ್ನೂ ಕೊಡುವುದಿಲ್ಲ, ಹಲವು ಸೇರಿ ಸ್ವಲ್ಪ ಸ್ವಲ್ಪ ಕೊಡುತ್ತವೆ. ಕಾಡುಗೋಧಿಯಲ್ಲಿ ಎಲೆ ಒಣಗುವಾಗ ಅದರೊಳಗಿನ ಕಬ್ಬಿಣ, ಸತುಗಳನ್ನು ಕಾಳಿಗೆ ಸಾಗಿಸುವ ಒಂದು ವಂಶವಾಹಿಯನ್ನು 2006ರಲ್ಲಿ ಪತ್ತೆಹಚ್ಚಿದರು. ನಾವು ಬೆಳೆಯುವ ಹೆಚ್ಚಿನ ಗೋಧಿಯಲ್ಲಿ ಅದು ಇದೆ, ಆದರೆ ಕೆಲಸ ಮಾಡುವುದಿಲ್ಲ.

ನಾವು ಕಳೆದುಕೊಂಡದ್ದು ಅಷ್ಟೇ ಅಲ್ಲ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 19ನೆಯ ಶತಮಾನದಿಂದ ಕೂಡಿಟ್ಟ ಗೋಧಿಯನ್ನು ಪರೀಕ್ಷಿಸಿದಾಗ, 1960ರ ದಶಕದ ನಡುಭಾಗದವರೆಗೆ ಕಬ್ಬಿಣ, ಸತು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು, ಗಿಡ್ಡತಳಿಗಳು ಬಂದ ಮೇಲೆ ಇಳಿದದ್ದು ಕಂಡಿತು. ಆ ತಳಿಗಳು ಹಸಿವನ್ನು ನೀಗಿದವು, ಅಲ್ಲಗಳೆಯಲಾರೆವು. ಆದರೆ ಕ್ವಿಂಟಾಲನ್ನೇ ಎಣಿಸಿದವರು ಕಾಳಿನೊಳಗನ್ನು ನೋಡಲಿಲ್ಲ.

ಇಂದೂ ಅದೇ ಕಥೆ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಕ್ಕೆ, ಕಸಕ್ಕೆ, ಸುಕ್ಕುಗಾಳಿಗೆ ಮಿತಿಯುಂಟು. ಕಬ್ಬಿಣಕ್ಕೆ ಬಿಡಿಗಾಸೂ ಇಲ್ಲ. ಎಂಎಸಿಎಸ್ 4028ರ ಸರಾಸರಿ ಇಳುವರಿ ಹೆಕ್ಟೇರಿಗೆ 19.3 ಕ್ವಿಂಟಾಲ್. ಗೋವಿನಜೋಳ ಬಿತ್ತಿ ಹೆಚ್ಚು ಚೀಲ ತುಂಬುವ ರೈತ ಪರರ ರಕ್ತಕ್ಕಾಗಿ ತಾನೇಕೆ ನಷ್ಟಪಡಬೇಕು? ಖಾಸಗಿ ಬೀಜದ ಕಂಪನಿಗೂ ಆಸೆಯಿಲ್ಲ: ಗೋಧಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ರೈತ ಕಣಜದ ಬೀಜವನ್ನೇ ಮರುವರ್ಷ ಬಿತ್ತಬಲ್ಲ.

ಇನ್ನು ಗಿರಣಿ. ಕಬ್ಬಿಣದ ಬಹುಪಾಲು ಕಾಳಿನ ಹೊರಪದರದಲ್ಲೂ ಮೊಳಕೆಯಲ್ಲೂ ಇದೆ. ದೊಡ್ಡ ಗಿರಣಿ ಅದನ್ನು ಬೂಸಾ ಮಾಡಿ ದನಕ್ಕೆ ಮಾರಿ, ಬಿಳಿ ಮೈದಾವನ್ನು ನಮಗೆ ಕೊಡುತ್ತದೆ. ಸವಣೂರು, ಶಿಗ್ಗಾಂವಿಗಳ ಓಣಿಯ ಹಿಟ್ಟಿನ ಗಿರಣಿಯೇ ಈ ವಿಷಯದಲ್ಲಿ ಮೇಲು. ಹಾಕಿದ್ದೆಲ್ಲ ಹಿಟ್ಟಾಗಿ ಬರುತ್ತದೆ. ಆ ತವಡಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲವೂ ಇದೆ, ತಿಂದದ್ದರಲ್ಲಿ ಸ್ವಲ್ಪವೇ ಮೈಗೆ ಹತ್ತುತ್ತದೆ. ಊಟಕ್ಕೆ ಲಿಂಬೆ ಹಿಂಡಿದರೆ ಅನುಕೂಲ, ಊಟದ ಬೆನ್ನಿಗೇ ಚಹಾ ಕುಡಿದರೆ ನಷ್ಟ. ಹೊಸ ಗೋಧಿ ಪವಾಡ ಮಾಡುವುದೆಂದು ನಾವು ಹೇಳುವುದಿಲ್ಲ. ಬೇಳೆ, ಸೊಪ್ಪು ಕೊಳ್ಳುವಷ್ಟು ಕೂಲಿ ಕೊಡದೆ ತಳಿಯ ಹೆಸರು ಹೇಳಿ ಕೈತೊಳೆದುಕೊಳ್ಳುವವರನ್ನು ನಂಬುವುದೂ ಇಲ್ಲ.

2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿಯವರು ಸಾರವರ್ಧಿತ ಅಕ್ಕಿಯನ್ನು ಸಾರಿದರು. ಕಾರ್ಖಾನೆಯಲ್ಲಿ ಕಬ್ಬಿಣ ಬೆರೆಸಿ ಅಚ್ಚೊತ್ತಿದ ಕಾಳಿಗೆ ಹಣ ಹುಟ್ಟುವುದಾದರೆ, ಹೊಲದಲ್ಲೇ ಕಬ್ಬಿಣ ಹೊತ್ತು ಬರುವ ಕಾಳಿಗೆ ಏಕೆ ಹುಟ್ಟಬಾರದು? ಈ ತಳಿಗಳ ಬೀಜ ನಮ್ಮ ನಾಲ್ಕೂ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಿಗೆ ಹಿಂಗಾರಿನ ಮುಂಚೆ ಬರಲಿ. ಬೆಳೆದದ್ದನ್ನು ಕಬ್ಬಿಣ ಅಳೆದು, ಹೆಚ್ಚಿನ ಬೆಲೆಗೆ ಸರಕಾರವೇ ಕೊಳ್ಳಲಿ, ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ ತವಡು ತೆಗೆಯದೆ ಕೊಡಲಿ.