ಗೃಹಾರೋಗ್ಯ: ಮನಸ್ಸಿನ ತಕ್ಕಡಿ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಾವು ಹಣೆ ಮುಟ್ಟಿ ನೋಡುವೆವು, ಗಂಜಿ ಕಾಸಿ ಕೊಡುವೆವು. ಅದೇ ಮನುಷ್ಯನು ಮೂಲೆ ಹಿಡಿದು ಕುಳಿತು “ನನ್ನಿಂದ ಏನೂ ಆಗುವದಿಲ್ಲ” ಎಂದರೆ ಮಾತ್ರ, “ಮನಸ್ಸು ಗಟ್ಟಿ ಮಾಡಿಕೋ” ಎಂದು ಗದರಿಸಿ ನಮ್ಮ ಕರ್ತವ್ಯವು ಮುಗಿಯಿತೆಂದು ತಿಳಿಯುವೆವು. ಈ ಉಪದೇಶವು ಏಕೆ ನಾಟುವದಿಲ್ಲವೆಂಬುದನ್ನು ವಾಚಕರೊಡನೆ ಈ ತಿಂಗಳು ವಿಚಾರಿಸಬೇಕೆಂದಿರುವೆನು.

ನಮ್ಮ ಬಂಧುಗಳಾದ ಹಿರಿಯರೊಬ್ಬರು ರಾಣೇಬೆನ್ನೂರ ಕಡೆಯ ಒಕ್ಕಲುತನದವರು. ಒಂದು ವರ್ಷ ಅವರು ಬ್ಯಾಡಗಿಯ ಪೇಟೆಗೆ ಒಯ್ದ ಮೆಣಸಿನಕಾಯಿಯ ಚೀಲಗಳಲ್ಲಿ ಬಹಳಷ್ಟು ತಕ್ಕ ಬೆಲೆಗೇ ಹೋದವು. ಮಳೆಗೆ ಸಿಕ್ಕು ಬಣ್ಣಗೆಟ್ಟ ಕೆಲವು ಮಾತ್ರ ಅಗ್ಗಕ್ಕೆ ಹೋದವು. ಮನೆಗೆ ಬಂದವರು ಆ ಕೆಲವು ಚೀಲಗಳ ಮಾತನ್ನೇ ವಾರಗಟ್ಟಲೆ ಆಡಿದರು. ಊಟ ರುಚಿಸದು; ನಸುಕಿನ ಮೂರಕ್ಕೇ ಎಚ್ಚರ; ಮೊಮ್ಮಗಳು ತೊಡೆಯೇರಿ ಕುಳಿತರೂ ಮುಖದಲ್ಲಿ ನಗೆಯಿಲ್ಲ. “ರೊಕ್ಕ ಬಂದೈತಲ್ರೀ, ಲೆಕ್ಕಾ ನೋಡ್ರಿ” ಎಂದು ಮನೆಯಾಕೆಯು ವಹಿ ತೆರೆದು ತೋರಿಸಿದರೆ, “ನಾ ಮನಿಗೆ ಭಾರ ಆಗೇನಿ” ಎಂಬುದೊಂದೇ ಉತ್ತರ.

ಲೆಕ್ಕವು ಸರಿಯಾಗಿದ್ದಿತು, ತೂಗುವ ತಕ್ಕಡಿಯ ಮುಳ್ಳೇ ಒಂದು ಕಡೆಗೆ ವಾಲಿದ್ದಿತು. ಅಮೇರಿಕೆಯ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿಯೇ, ಖಿನ್ನರಾದವರು ತಮ್ಮನ್ನೂ ಜಗತ್ತನ್ನೂ ಮುಂಬರುವ ಕಾಲವನ್ನೂ ಒಂದೇ ಸಮನೆ ಕೀಳಾಗಿ ಕಾಣುವರೆಂದು ತೋರಿಸಿದರು. ಈ ವಾಲಿಕೆಗೆ ಮೆದುಳಿನಲ್ಲಿ ಆಧಾರವುಂಟೆಂಬುದು ಆಮೇಲಿನ ಸಂಶೋಧನೆಗಳಿಂದ ತಿಳಿದುಬಂದಿದೆ.

ಕಿವಿಯ ನೇರಕ್ಕೆ ಮೆದುಳಿನ ಒಳಗಡೆ ಅಮಿಗ್ಡಾಲವೆಂಬ, ಬಾದಾಮಿಯಂಥ ಒಂದು ಭಾಗವಿದೆ. ಅಪಾಯವನ್ನು ಗುರುತಿಸಿ ಎಚ್ಚರಿಸುವದು ಅದರ ಕೆಲಸಗಳಲ್ಲೊಂದು. ಗ್ರೆಗ್ ಸೀಗಲ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಶುಭವಾದ ಶಬ್ದವನ್ನು ಓದಿದಾಗ ಏಳುವ ಇದರ ಕಳವಳವು ಸ್ವಸ್ಥರಲ್ಲಿ 10 ಸೆಕೆಂಡಿನೊಳಗೆ ಇಳಿಯಿತು. ಖಿನ್ನರಲ್ಲಾದರೋ, ಬೇರೊಂದು ಕೆಲಸವನ್ನು ಕೊಟ್ಟ ತರುವಾಯವೂ, 25 ಸೆಕೆಂಡಿನವರೆಗೆ ಉಳಿಯಿತು. ಈ ಕಳವಳಕ್ಕೆ ಕಡಿವಾಣ ಹಾಕತಕ್ಕದ್ದು ಹಣೆಯ ಹಿಂದಿರುವ ವಿಚಾರದ ಭಾಗ. ಖಿನ್ನತೆಯಲ್ಲಿ ಅದರ ಹಿಡಿತವು ಸಡಿಲಾಗುವದು. “ಮನಸ್ಸು ಗಟ್ಟಿ ಮಾಡಿಕೋ” ಎನ್ನುವವರು, ಯಾವ ಕೈ ಸೋತಿದೆಯೋ ಅದೇ ಕೈಯಿಂದ ಭಾರ ಎತ್ತೆಂದು ಹೇಳಿದಂತಾಗುವದು.

ಇನ್ನೊಂದು ಕಾರಣವೂ ಉಂಟು. ಸುಮ್ಮನೆ ಕುಳಿತಾಗ ನಮ್ಮ ಕುರಿತು ನಾವೇ ಯೋಚಿಸುವಂತೆ ಮಾಡುವ ಒಂದು ಜಾಲವು ಮೆದುಳಿನಲ್ಲಿದೆ. ಕೆಲಸಕ್ಕೆ ತೊಡಗಿದೊಡನೆ ಅದು ತಣ್ಣಗಾಗಬೇಕು. ಅನೇಕ ಖಿನ್ನರಲ್ಲಿ ಹಾಗೆ ತಣ್ಣಗಾಗದು. ಆದಕಾರಣವೇ ಒಂದೇ ವಿಚಾರವು ಗಾಣದ ಎತ್ತಿನಂತೆ ಸುತ್ತುತ್ತಿರುವದು. ಇದರೊಡನೆ, ಸುಖವನ್ನು ಎದುರುನೋಡಿ ಉತ್ಸಾಹಗೊಳ್ಳುವ ಭಾಗಗಳೂ ಮಂಕಾಗುವವು. ಮೊಮ್ಮಗಳು ತೊಡೆಯ ಮೇಲಿದ್ದರೂ ಅಜ್ಜನಿಗೆ ನಗೆ ಬಾರದಿದ್ದುದು ಪ್ರೀತಿಯ ಕೊರತೆಯಿಂದಲ್ಲ.

ಹಾಗೆಂದು ಎಲ್ಲ ದುಃಖವೂ ರೋಗವೆಂದು ತಿಳಿಯಲಾಗದು. 2024ರ ಮಾರ್ಚ 11ರಂದು ಬೆಲೆ ಕುಸಿದಾಗ ಬ್ಯಾಡಗಿಯ ಪೇಟೆಯಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವವರೆಗೂ ಹೋಯಿತು. ಆ ನಷ್ಟವು ನಿಜ. ಅದಕ್ಕೆ ಔಷಧವು ಗುಳಿಗೆಯಲ್ಲ, ನ್ಯಾಯವಾದ ಬೆಲೆ. ಆದರೆ “ಬೆಲೆ ಬಿದ್ದಿತು” ಎಂಬುದು ಒಂದು ಮಾತು. “ಆದುದರಿಂದ ನಾನು ಬದುಕಲು ಯೋಗ್ಯನಲ್ಲ” ಎಂಬುದು ಬೇರೆಯೇ ಮಾತು. ಬೇಸರವೂ ನಿರುತ್ಸಾಹವೂ ಹೆಚ್ಚುಕಡಿಮೆ ದಿನವಿಡೀ ಎರಡು ವಾರ ಬಿಡದೆ ಕಾಡಿ, ನಿದ್ರೆ, ಊಟ, ಕೆಲಸಗಳು ಕೆಟ್ಟರೆ ವೈದ್ಯರಿಗೆ ತೋರಿಸಲೇಬೇಕು.

ನಮ್ಮ ಹಿರಿಯರು ಮೊದಲು ಒಪ್ಪಲಿಲ್ಲ. “ಏನೂ ಉಪಯೋಗ ಇಲ್ಲ” ಎಂದರು. “ಉಪಯೋಗ ಆಗಲಿಲ್ಲಂದ್ರ ಬಸ್ಸಿನ ಚಾರ್ಜ್ ಹೋತು ಅಂದ್ಕೊಳ್ಳೋಣು, ನಡೀರಿ” ಎಂದು ಮನೆಯಾಕೆಯು ಹಾವೇರಿಗೆ ಕರೆದೊಯ್ದಳು. ಅಲ್ಲಿಯ ವೈದ್ಯರು ಎಲ್ಲವನ್ನೂ ಕೇಳಿಕೊಂಡು, “ಉಪಯೋಗವಿಲ್ಲವೆಂದು ತೋರುವದೂ ಈ ಬೇನೆಯ ಒಂದು ಲಕ್ಷಣವೇ ಅಜ್ಜಾರ” ಎಂದರಂತೆ. ಗುಳಿಗೆಯ ಗುಣವು ಕಾಣಲು ಕೆಲವು ವಾರಗಳು ಬೇಕಾದವು. ವಿಚಾರಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡುವ ಮಾತಿನ ಚಿಕಿತ್ಸೆಯೂ ನಡೆಯಿತು. ಬೆಕ್ ಅವರು ರೂಪಿಸಿದ ಪದ್ಧತಿಯಿದು. ಚಿಕಿತ್ಸೆಯ ತರುವಾಯ ಅಮಿಗ್ಡಾಲದ ಅತಿಯಾದ ಕಳವಳವು ತಗ್ಗುವದನ್ನು ಸಂಶೋಧಕರು ಕಂಡಿದ್ದಾರೆ. ನಮ್ಮ ಹಿರಿಯರ ಮೆದುಳನ್ನು ಯಾರೂ ಅಳೆಯಲಿಲ್ಲ. ಆದರೆ ಮೂರನೆಯ ತಿಂಗಳಲ್ಲಿ ಅವರು ತಾವಾಗಿಯೇ ವಹಿ ತೆರೆದು ಲೆಕ್ಕ ನೋಡಿದರು.

ಮನೆಯವರು ಮಾಡತಕ್ಕದ್ದು ಇಷ್ಟು: ವಾದಿಸಿ ಗೆಲ್ಲಲು ಹೋಗಬಾರದು, ಜೊತೆಗೆ ಕುಳಿತು ಕೇಳಬೇಕು, ಚಿಕ್ಕ ಕೆಲಸವೊಂದಕ್ಕೆ ಒಡನೆ ಕರೆದುಕೊಳ್ಳಬೇಕು, ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಗೊಡಬಾರದು. ಸಾಯುವ ಮಾತು ಬಂದರೆ ಅದನ್ನು ಹಗುರಾಗಿ ಎಣಿಸದೆ, ಹೊಲದ ಕ್ರಿಮಿನಾಶಕಗಳನ್ನು ಮನೆಯಿಂದ ದೂರ ಮಾಡಿ, ಒಬ್ಬರು ಬಿಡದೆ ಹತ್ತಿರವಿದ್ದು, ಅಂದೇ ಆಸ್ಪತ್ರೆಗೆ ಒಯ್ಯಬೇಕು. 2022ರ ಅಕ್ಟೋಬರದಿಂದ ಸರಕಾರವು ನಡೆಸುತ್ತಿರುವ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯ ಮೇಲೆ ಹಗಲಿರುಳೂ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ವಾಲಿದ ತಕ್ಕಡಿಯನ್ನು ಯಾವ ವ್ಯಾಪಾರಿಯೂ ಬೈದು ಸರಿಮಾಡುವದಿಲ್ಲ. ಬಲ್ಲವರ ಕೈಗೆ ಕೊಟ್ಟು ರಿಪೇರಿ ಮಾಡಿಸುವನು. ನಮ್ಮವರ ವಿಷಯದಲ್ಲಿ ನಾವು ಅಷ್ಟಾದರೂ ಮಾಡಬೇಡವೇ?