ಸೂಟಿಯ ಪಂಚಾಂಗ ಬೇರೆ, ಸಮುದ್ರದ ಪಂಚಾಂಗ ಬೇರೆ

ಸಂಕ್ರಾಂತಿಯ ಕುಸುರೆಳ್ಳು ಹಂಚಿ ಮುಗಿಯುವ ಹೊತ್ತಿಗೆ ಬೆಳಗಾವಿಯ ಟ್ರಾವೆಲ್ಸ್ ಅಂಗಡಿಗಳ ಮುಂದೆ ಬೇಸಿಗೆಯ ಫಲಕಗಳು ಏಳುತ್ತವೆ. ಕಾಶಿ, ಚಾರ್‌ಧಾಮ್‌ಗಳ ಪಕ್ಕದಲ್ಲಿ ಈಗ ಅಂಡಮಾನ್, ಲಕ್ಷದ್ವೀಪ, ಮಾಲ್ದೀವ್ಸ್‌ಗಳ ನೀಲಿ ಚಿತ್ರಗಳೂ ಇವೆ. ದೇಸೂರ, ಮಚ್ಛೆ, ನಂದಿಹಳ್ಳಿ, ಗರ್ಲಗುಂಜಿಯಂಥ ಊರುಗಳಲ್ಲೂ ಭಿಶಿ ಚೀಟಿಯ ಹಣ ಎತ್ತಿ, ನಾಲ್ಕು ಮನೆಯವರು ಕೂಡಿ, ಮಕ್ಕಳನ್ನು ಒಂದು ದ್ವೀಪಕ್ಕೆ ಕರೆದೊಯ್ಯುವ ಮಾತು ನಡೆಯುತ್ತದೆ. ಒಂದು ತಲೆಮಾರಿನ ಹಿಂದೆ ಸೂಟಿ ಎಂದರೆ ಅಜ್ಜಿಯ ಊರು, ಬಹಳವಾದರೆ ಗೋವಾದ ದೇವಸ್ಥಾನ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವವನ ಮಗಳು ಹವಳದ ದಂಡೆ ಕಾಣುವಂತಾದರೆ ಅದು ಸಂತೋಷದ ಸಂಗತಿಯೇ. ಈ ಬರಹ ಆ ಸಂತೋಷಕ್ಕೆ ಕಲ್ಲು ಹಾಕಲು ಅಲ್ಲ.

ಆದರೂ ಒಂದು ಮಾತನ್ನು ಏಪ್ರಿಲ್‌ನಲ್ಲಿ ಹೇಳಿದರೆ ಉಪಯೋಗವಿಲ್ಲ. ಮುಂಗಡ ಕಟ್ಟುವ ಮೊದಲೇ ಹೇಳಬೇಕು. ನಮ್ಮ ಶಾಲೆಗಳಿಗೆ ಸೂಟಿ ಬೀಳುವುದು ಏಪ್ರಿಲ್ ಎರಡನೇ ವಾರದ ಸುಮಾರಿಗೆ, ಶಾಲೆ ತೆರೆಯುವುದು ಮೇ ಕೊನೆಗೆ. ಪಡುವಣ ಸಮುದ್ರ ತನ್ನ ಸ್ವಭಾವ ಬದಲಿಸಿಕೊಳ್ಳುವುದೂ ಸರಿಸುಮಾರು ಇದೇ ವಾರಗಳಲ್ಲಿ. ಎಲ್ಲ ಮನೆಗಳೂ ಒಮ್ಮೆಗೇ ನೀರಿಗೆ ಇಳಿಯುವ ಕಾಲವೂ ನೀರು ಕೆಡುವ ಕಾಲವೂ ಒಂದೇ ಆಗಿರುವುದನ್ನು ಯಾವ ಫಲಕವೂ ಹೇಳುವುದಿಲ್ಲ. ಯಾವ ದ್ವೀಪ ಎಂದು ಕೇಳುವ ಮೊದಲು ಯಾವ ತಿಂಗಳು, ಯಾವ ದೋಣಿ ಎಂದು ಕೇಳಬೇಕು.

ಬೆಳಗಾವಿಗೆ ಇದು ದೂರದ ಸುದ್ದಿಯಲ್ಲ. 2017ರ ಏಪ್ರಿಲ್ 15ರಂದು ಮಾಲವಣದ ಹತ್ತಿರದ ವಾಯರಿ ದಂಡೆಯಲ್ಲಿ ನಮ್ಮೂರಿನ ಇಂಜಿನಿಯರಿಂಗ್ ಕಾಲೇಜೊಂದರ ಎಂಟು ವಿದ್ಯಾರ್ಥಿಗಳು ಮುಳುಗಿ ಸತ್ತರು. ಇಪ್ಪತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹುಡುಗ ಹುಡುಗಿಯರು. ಬಾವಿಯಲ್ಲೋ ಮಲಪ್ರಭೆಯ ಮಡುವಿನಲ್ಲೋ ಈಸು ಕಲಿತವರಿಗೆ ನಿಂತ ನೀರು ಗೊತ್ತು, ಒಂದೇ ದಿಕ್ಕಿಗೆ ಹರಿಯುವ ನೀರು ಗೊತ್ತು. ದಂಡೆಗೆ ಬಂದ ಅಲೆ ಒಂದು ಕಿರಿದಾದ ಜಾಗ ಹಿಡಿದು ಒಟ್ಟಾಗಿ ಒಳಕ್ಕೆ ಹಿಂತಿರುಗುವ ಸೆಳವು ಗೊತ್ತಿರುವುದಿಲ್ಲ. ಸೆಳವು ಇರುವ ಕಡೆ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಹೊಸಬರ ಕಣ್ಣಿಗೆ ಅದೇ ಶಾಂತವಾದ, ಮಕ್ಕಳನ್ನು ಇಳಿಸಲು ತಕ್ಕ ಜಾಗವಾಗಿ ಕಾಣುತ್ತದೆ. ಒಳಗೆ ಸಿಕ್ಕವರು ದಡಕ್ಕೆ ಎದುರಾಗಿ ಈಸಿ ದಣಿಯುತ್ತಾರೆ. ದಂಡೆಗೆ ಸಮಾಂತರವಾಗಿ ಪಕ್ಕಕ್ಕೆ ಸರಿದರೆ ಹೊರಬರಲು ಸಾಧ್ಯ, ಆದರೆ ಆರು ವರ್ಷದ ಮಗುವಿಗೆ ಆ ಪಾಠ ಹೇಳಿ ಏನು ಉಪಯೋಗ?

ಮಾಲವಣದ ಪಕ್ಕದ ತಾರ್ಕರ್ಲಿಯಲ್ಲಿ 2022ರ ಮೇ 24ರಂದು ಸ್ಕೂಬಾ ಮುಗಿಸಿ ಮರಳುತ್ತಿದ್ದ ಇಪ್ಪತ್ತು ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಸತ್ತರು. ತಾರೀಖು ಗಮನಿಸಿ. ಮಹಾರಾಷ್ಟ್ರದ ಕರಾವಳಿಯಲ್ಲಿ ಪ್ರವಾಸಿ ದೋಣಿಗಳು ಮೇ ಕೊನೆಯ ವಾರದಿಂದ ಆಗಸ್ಟ್ ಕೊನೆಯವರೆಗೆ ಬಂದ್ ಇರುತ್ತವೆ. ಆ ಬಂದ್‌ಗೆ ಇನ್ನು ದಿನಗಳಷ್ಟೇ ಬಾಕಿ ಇದ್ದವು. ದೋಣಿಯವನಿಗೆ ಅದು ವರ್ಷದ ಕೊನೆಯ ಗಳಿಕೆ, ಮುಂದಿನ ಮೂರು ತಿಂಗಳು ಅವನ ಒಲೆ ಉರಿಯಬೇಕು. ಪ್ರವಾಸಿಗೆ ಅದು ಸೂಟಿಯ ಕೊನೆಯ ವಾರ. ಇಬ್ಬರ ಅವಸರವೂ ಸೇರುವ ಆ ವಾರಕ್ಕಾಗಿ ಯಾವ ಮನೆಯವರೂ ಟಿಕೆಟ್ ಮಾಡಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈಚಿನ ವರ್ಷಗಳಲ್ಲಿ ಈ ಗಡುವು ಇನ್ನೂ ಬೇಗ ಬರುತ್ತಿರುವಂತಿದೆ. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಲಕ್ಷದ್ವೀಪದ ಬಳಿ ಹುಟ್ಟಿ, ನಮ್ಮ ಕರಾವಳಿಯನ್ನೂ ಗೋವಾವನ್ನೂ ಸವರಿಕೊಂಡು ಗುಜರಾತಿಗೆ ಹೋಯಿತು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಎರಡು ದಿನದಲ್ಲಿ ಮುಂಬೈ ಮುಟ್ಟಿತು. ನಮ್ಮ ಮಕ್ಕಳಿಗೆ ಆಗ ಇನ್ನೂ ಸೂಟಿ ಇತ್ತು. ಜೂನ್ ಒಂದಕ್ಕೆ ಮಳೆಗಾಲ ಎಂದು ಲೆಕ್ಕ ಹಾಕಿ ಮೇ ಇಪ್ಪತ್ತೈದರ ಪ್ಯಾಕೇಜು ಮಾರುವವರಿಗೆ ಈ ಒಂದು ವರ್ಷವನ್ನಾದರೂ ನೆನಪಿಸಬೇಕು.

ಮೋಡ, ಗಾಳಿ ಕಂಡರೆ ನಾವೇ ಹಿಂದೆ ಸರಿಯುತ್ತೇವೆ ಎನ್ನುವವರು ಕೇರಳದವರು 'ಕಳ್ಳಕ್ಕಡಲ್' ಎನ್ನುವ ಉಬ್ಬರದ ವಿಷಯ ತಿಳಿಯಬೇಕು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಹೆಚ್ಚಾಗಿ ಮುಂಗಾರಿಗೆ ಮೊದಲಿನ ಈ ತಿಂಗಳುಗಳಲ್ಲೇ, ಕೇರಳ, ಲಕ್ಷದ್ವೀಪ, ತಮಿಳುನಾಡಿನ ದಂಡೆಗೆ ಬಡಿಯುತ್ತವೆ. ಬಡಿಯುವಲ್ಲಿ ಆಕಾಶ ತಿಳಿಯಾಗಿರಬಹುದು. ಖಾನಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಣಕುಂಬಿ ಕಡೆ ಮಳೆ ಹೊಡೆದರೆ ಊರಲ್ಲಿ ಬಿಸಿಲಿದ್ದರೂ ಮಲಪ್ರಭೆ ಏರುತ್ತದೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ದಂಡೆಯಲ್ಲಿ ಐದು ಮಂದಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಅಲೆ ಎಳೆದೊಯ್ದಾಗ ಇಂಥದೇ ಉಬ್ಬರವಿತ್ತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಮೀನುಗಾರರ ಫೋನಿಗೆ ತಲುಪುತ್ತದೆ. ಬಯಲುಸೀಮೆಯಿಂದಲೋ ಘಟ್ಟದ ಮೇಲಿನಿಂದಲೋ ಕ್ರೂಸರ್ ಹತ್ತಿ ಬಂದವರಿಗೆ ಅಂಥದೊಂದು ಸಂಸ್ಥೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಅದರ 'ಸಮುದ್ರ' ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ, ಹೊರಡುವ ಮುನ್ನ ಇಳಿಸಿಕೊಳ್ಳಿ.

ಹಾಗಾದರೆ ಡಿಸೆಂಬರ್, ಜನವರಿಯಲ್ಲಿ ಕಣ್ಣು ಮುಚ್ಚಿ ಹೋಗಬಹುದೇ? ಇಲ್ಲ, ಆಗ ನೀರು ಒಳ್ಳೆಯದು, ಜನದಟ್ಟಣೆ ಕೆಟ್ಟದ್ದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ, ಮಿತಿ ಮೀರಿ ಜನ ತುಂಬಿದ್ದ ದೋಣಿ ಮಗುಚಿತು. ಹದಿನಾರು ಮಂದಿ ಹೋದರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದ ಹಲವರು, ಮಕ್ಕಳೂ ಇದ್ದರು. 2014ರ ಗಣರಾಜ್ಯೋತ್ಸವದ ದಿನ ಪೋರ್ಟ್ ಬ್ಲೇರ್ ಬಳಿ 'ಆಕ್ವಾ ಮರೀನ್' ದೋಣಿ ಮುಳುಗಿ ಇಪ್ಪತ್ತೊಂದು ಜನ ಸತ್ತಾಗಲೂ ಕಾರಣ ಅದೇ, ಮಿತಿಗಿಂತ ಬಹಳ ಹೆಚ್ಚು ಜನ. ಮುಂಬೈಯಲ್ಲಿ 2024ರ ಡಿಸೆಂಬರ್ 18ರಂದು ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ 'ನೀಲ್ ಕಮಲ್' ಹಡಗಿಗೆ ನೌಕಾಪಡೆಯ ವೇಗದ ದೋಣಿ ಬಂದು ಗುದ್ದಿ ಹಲವರು ಸತ್ತದ್ದು ಬೇರೆ ಬಗೆಯ ಅವಘಡ, ಅಲ್ಲಿ ಪ್ರಯಾಣಿಕರ ತಪ್ಪು ಏನೂ ಇಲ್ಲ. ಆದರೆ ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಬೇಕೆಂಬ ಕಟ್ಟುನಿಟ್ಟು ಅಲ್ಲಿಯ ಗೇಟ್‌ವೇ ಆಫ್ ಇಂಡಿಯಾದಲ್ಲಿ ಬಂದದ್ದು ಆ ಸಾವುಗಳಾದ ಮೇಲೆ.

ಜಾಕೆಟ್ಟಿನ ವಿಷಯ ಸ್ವಲ್ಪ ಹೆಚ್ಚೇ ಹೇಳುತ್ತೇವೆ, ಯಾಕೆಂದರೆ ಅಪ್ಪ ಅಮ್ಮಂದಿರು ಮೋಸ ಹೋಗುವುದು ಇಲ್ಲೇ. ದೋಣಿಯಲ್ಲಿ ಜಾಕೆಟ್ ಇದ್ದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಇರುವುದೆಲ್ಲ ದೊಡ್ಡವರದು. ಅದನ್ನು ಐದು ವರ್ಷದ ಮಗುವಿಗೆ ಹಾಕಿ ನೀರಿಗೆ ಬಿಟ್ಟರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ಮಕ್ಕಳ ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಬೇಕು, ಚಿಕ್ಕವರದಾದರೆ ತೊಡೆಗಳ ನಡುವೆ ಹಾದುಬರುವ ಪಟ್ಟಿ ಇರಬೇಕು. ಬಕಲ್ ಹಾಕಿದ ಮೇಲೆ ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಗಲ್ಲ ದಾಟಿ ಕಿವಿಗೆ ಬಂದರೆ ಆ ಜಾಕೆಟ್ ಆ ಮಗುವಿನದಲ್ಲ. "ಬ್ಯಾಡ ಬಿಡ್ರಿ, ಫೋಟೋದಾಗ ಚಂದ ಕಾಣಂಗಿಲ್ಲ" ಎನ್ನುವ ಮಾತು ಹಿರಿಯರ ಬಾಯಿಂದಲೇ ಬರುತ್ತದೆ. ಅಂಥ ಹಿರಿಯರನ್ನು ದಡದಲ್ಲಿ ಚೀಲ ಕಾಯಲು ಕೂರಿಸುವುದು ಒಳ್ಳೆಯದು. ಇನ್ನೊಂದು ಮಾತು: ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಗತಿ ಇರುವುದಿಲ್ಲ, ಕೂಗಿಗೆ ಎಲ್ಲಿಂದ ಬರಬೇಕು? ನಾಲ್ಕು ಮನೆಯವರು ಕೂಡಿ ಹೋದಾಗ 'ಅವರು ನೋಡ್ತಾರ' ಎಂದು ಎಲ್ಲರೂ ಅಂದುಕೊಂಡು ಯಾರೂ ನೋಡದಿರುವುದೂ ಉಂಟು. ಇಂಥ ಹೊತ್ತಿಗೆ ಇಂಥವರೇ ನೋಡಬೇಕು, ಆಗ ಅವರ ಕೈಯಲ್ಲಿ ಮೊಬೈಲ್ ಇರಬಾರದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಇನ್ನು ದ್ವೀಪಗಳು. ಲಕ್ಷದ್ವೀಪ ಹವಳದ ದಿಬ್ಬಗಳ ನಾಡು, ಮೂವತ್ತಾರು ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ, ಎಲ್ಲ ಸೇರಿ ನೆಲ ಮೂವತ್ತೆರಡು ಚದರ ಕಿಲೋಮೀಟರ್. ಹೊರಗಿನ ಅಲೆ ಹವಳದ ಸಾಲಿಗೆ ಬಡಿದು ಒಡೆಯುವುದರಿಂದ ಒಳಗಿನ ಲಗೂನಿನ ನೀರು ತೆಳು, ಶಾಂತ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಮುದ್ರ ನಮ್ಮ ದೇಶದಲ್ಲಿಲ್ಲ ಎಂದರೂ ನಡೆದೀತು. ತೊಡಕು ಬೇರೆ ಕಡೆ ಇದೆ. ಹೊರಗಿನವರು ಪ್ರವೇಶ ಪರವಾನಗಿ ಪಡೆಯಲೇಬೇಕು. ಕೊಚ್ಚಿಯಿಂದ ಹಡಗಾದರೆ ಒಂದು ರಾತ್ರಿ ಕಳೆಯಬೇಕು, ಸಮುದ್ರಪಿತ್ತ ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನೇ ಹೆಚ್ಚು ಕಾಡುತ್ತದೆ. ವಾಂತಿಗೆಂದು ದೊಡ್ಡವರ ಗುಳಿಗೆ ಅರ್ಧ ಮುರಿದು ಕೊಡುವ ರೂಢಿ ಬಿಡಬೇಕು. ಪ್ರೊಮೆಥಜಿನ್ ಇರುವ ಔಷಧಿ ಎರಡು ವರ್ಷದೊಳಗಿನ ಕೂಸಿಗೆ ಉಸಿರಾಟದ ಅಪಾಯ ತರುತ್ತದೆ. ಕಾಯಿಲೆ ಗಂಭೀರವಾದರೆ ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೇ ಕರೆತರಬೇಕು, ಗಾಳಿ ಕೆಟ್ಟರೆ ಅದೂ ಏಳುವುದಿಲ್ಲ. ದಮ್ಮು, ಫಿಟ್ಸ್ ಇರುವ ಮಗುವಿನ ಮನೆಯವರು ಇದನ್ನು ಯೋಚಿಸಿಯೇ ಹೊರಡಲಿ.

ಅಂಡಮಾನಿಗೆ ತಿಂಗಳ ಲೆಕ್ಕ ಬೇರೆ. ಬಂಗಾಳ ಕೊಲ್ಲಿಯ ಚಂಡಮಾರುತಗಳು ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಕಾಡುತ್ತವೆ. 2016ರ ಡಿಸೆಂಬರಿನಲ್ಲಿ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ನೌಕಾಪಡೆ ಹೋಗಿ ಕರೆತರಬೇಕಾಯಿತು. ಅಲ್ಲಿಯ ಕೆಲವು ದಂಡೆಗಳಲ್ಲಿ ಉಪ್ಪುನೀರಿನ ಮೊಸಳೆಯ ಫಲಕಗಳಿವೆ, ಅವು ಅಲಂಕಾರಕ್ಕೆ ಹಾಕಿದವಲ್ಲ: 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ಒಬ್ಬ ಪ್ರವಾಸಿಯನ್ನು ಮೊಸಳೆ ಕೊಂದಿತು. ಅಂಡಮಾನಿಗೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ಆಗ ಶಾಲೆ ಇರುತ್ತದೆ ನಿಜ. ಏಳನೇ ಇಯತ್ತೆಯೊಳಗಿನ ಮಗು ಜನವರಿಯಲ್ಲಿ ಐದು ದಿನ ಶಾಲೆ ತಪ್ಪಿಸಿದರೆ ಆಕಾಶವೇನೂ ಬೀಳದು. ಮುಖ್ಯಾಧ್ಯಾಪಕರು ಸಿಡುಕಬಾರದು, ರಜೆ ಚೀಟಿಗೆ ಜ್ವರದ ಸುಳ್ಳು ಬರೆಸುವ ಪ್ರಸಂಗವನ್ನೂ ತರಬಾರದು.

ಹತ್ತಿರದವು ಮಾಲವಣದ ಸಿಂಧುದುರ್ಗ ಮತ್ತು ಮಲ್ಪೆಯ ಸೇಂಟ್ ಮೇರೀಸ್. ಎರಡೂ ಸ್ವಲ್ಪ ಹೊತ್ತಿನ ದೋಣಿ ಪ್ರಯಾಣ, ಎರಡಕ್ಕೂ ಡಿಸೆಂಬರಿನಿಂದ ಫೆಬ್ರವರಿ ಚೆಂದ. ಸಿಂಧುದುರ್ಗದಲ್ಲಿ ಶಿವಾಜಿ ಕಟ್ಟಿಸಿದ ಕೋಟೆಯೊಳಗೆ ಮಕ್ಕಳು ಓಡಾಡಿಕೊಂಡಿರಬಹುದು. ಸೇಂಟ್ ಮೇರೀಸ್‌ನಲ್ಲಿ ಕಂಬಕಂಬವಾಗಿ ನಿಂತ ಕಪ್ಪು ಬಂಡೆಗಳು ಜಾರುತ್ತವೆ, ಸುತ್ತಲಿನ ನೀರು ಒಮ್ಮೆಗೇ ಆಳ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ಹೋದದ್ದು ಅಲ್ಲೇ. ಮುರುಡೇಶ್ವರದಾಚೆಯ ನೇತ್ರಾಣಿ ಸ್ಕೂಬಾ ಕಲಿತವರಿಗೆ, ಸಣ್ಣ ಮಕ್ಕಳಿಗಲ್ಲ.

ಐದಾರು ವರ್ಷದೊಳಗಿನ ಮಕ್ಕಳಿರುವ ಮನೆಯವರಿಗೆ ಯಾವ ಪ್ಯಾಕೇಜಿನಲ್ಲೂ ಕಾಣದ ಎರಡು ದ್ವೀಪಗಳನ್ನು ಸೂಚಿಸುತ್ತೇವೆ: ಗೋವಾದ ದಿವಾರ್ ಮತ್ತು ಚೋಡಣ. ದೇಸೂರಿನಿಂದ ಜಾಂಬೋಟಿ, ಚೋರ್ಲಾ ಘಟ್ಟ ಇಳಿದರೆ ಒಂದು ಬೆಳಗಿನ ದಾರಿ. ಮಾಂಡೋವಿ ನದಿಯ ನಡುವಿನ ಊರುಗಳಿವು, ಸಮುದ್ರ ದಾಟುವ ಮಾತೇ ಇಲ್ಲ. ವಾಹನ ಸಮೇತ ಫೆರ್ರಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ. ಚೋಡಣದಲ್ಲಿ ಸಲೀಂ ಅಲಿ ಹೆಸರಿನ ಪಕ್ಷಿಧಾಮವಿದೆ, ಕಾಂಡ್ಲಾ ಗಿಡಗಳಿವೆ, ನಮ್ಮ ಕಡೆಯಂಥ ಭತ್ತದ ಗದ್ದೆಗಳೂ ಇವೆ. ಮಗುವಿಗೆ ದ್ವೀಪ ಎಂದರೆ ನಾಲ್ಕೂ ಕಡೆ ನೀರು, ಅಷ್ಟು ಸಾಕು. ನೀಲಿ ನೀರು ಬೇಕಾಗಿರುವುದು ಬಹುಪಾಲು ಅಪ್ಪನ ಸ್ಟೇಟಸ್ಸಿಗೆ.

ಮಾರುವವರಿಗೂ ಅಧಿಕಾರಿಗಳಿಗೂ ಕೆಲಸವಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಮುಳುಗಿದ ಮೇಲೆ ಶಾಲಾ ಪ್ರವಾಸಗಳ ಮೇಲೆ ಇಲಾಖೆಯ ಕಣ್ಣು ಬಿದ್ದಿದೆ. ಭಿಶಿ ಗುಂಪಿನ ಪ್ರವಾಸವನ್ನು ನೋಡುವವರು ಯಾರೂ ಇಲ್ಲ. ಬೆಳಗಾವಿಯ ಪ್ರವಾಸ ಸಂಸ್ಥೆಗಳು ರಶೀದಿಯ ಮೇಲೆಯೇ ಮೂರು ವಿಷಯ ಬರೆದುಕೊಡಲಿ: ದಾಟಿಸುವ ದೋಣಿಗೆ ಪರವಾನಗಿ ಎಷ್ಟು ಜನಕ್ಕೆ, ಯಾವ ಅಳತೆಯ ಮಕ್ಕಳ ಜಾಕೆಟ್ ಎಷ್ಟಿವೆ, ಸಮುದ್ರ ಕೆಟ್ಟು ದೋಣಿ ನಿಂತರೆ ಹಣ ಎಷ್ಟು ವಾಪಸ್. ಮೂರನೆಯದೇ ಮುಖ್ಯ. ಕಟ್ಟಿದ ಹಣ ಮರಳುವುದಿಲ್ಲ ಎಂದಾಗಲೇ ಜನ "ಹೋಗೂಣು, ಏನಾಗ್ತದ" ಎಂದು ಕೆಟ್ಟ ನೀರಿಗೆ ದೋಣಿ ಬಿಡಿಸುವುದು. ಜಿಲ್ಲಾಡಳಿತ ಈ ಸಂಸ್ಥೆಗಳನ್ನು ಫೆಬ್ರವರಿಯೊಳಗೆ ಒಮ್ಮೆ ಕರೆದು ಕೂರಿಸಲಿ, ಏಪ್ರಿಲ್‌ನಲ್ಲಿ ಕರೆದರೆ ಅಷ್ಟರಲ್ಲಿ ಎಲ್ಲ ಸೀಟೂ ಮಾರಿ ಆಗಿರುತ್ತವೆ. ಮತ್ತು ಮೇ 15ರ ನಂತರದ ಯಾವ ದ್ವೀಪದ ಪ್ಯಾಕೇಜಿಗೂ, ಎಷ್ಟೇ ಅಗ್ಗವಾಗಿದ್ದರೂ, ಮಕ್ಕಳಿರುವ ಮನೆಯವರು ಮುಂಗಡ ಕೊಡಬೇಡಿ.