ಎಲ್ಲರೂ ಸೇರಿ ಬರೆದದ್ದು, ಯಾರೂ ಬರೆಯದ್ದು

ಫೋಟೊದಲ್ಲಿರೋದು ನಮ್ಮ ಗುಂಪಿನ ಗೂಗಲ್ ಡಾಕ್. ಐದು ಜನ, ಒಂದೇ ಫೈಲು, ವಿಷಯ ಅಪ್ಪಿಕೋ ಚಳವಳಿ. ಝೂಮ್ ಮಾಡಿ ಓದಿ, ತಪ್ಪೇನೂ ಸಿಗೋದಿಲ್ಲ. 1983ರ ಸೆಪ್ಟೆಂಬರ್, ಶಿರಸಿ ತಾಲೂಕಿನ ಸಾಲ್ಕಣಿ, ಮರ ಅಪ್ಪಿಕೊಂಡು ನಿಂತ ಊರವರು, ಅದಕ್ಕೂ ಮೊದಲಿನ ಹಿಮಾಲಯದ ಚಿಪ್ಕೋ, ಎಲ್ಲ ಇದೆ. ಆದ್ರೆ ಇದನ್ನ ಬರೆದವರು ಯಾರು ಅಂತ ಕೇಳಿದ್ರೆ ಐವರಲ್ಲಿ ಒಬ್ಬರೂ ಕೈ ಎತ್ತೋದಿಲ್ಲ.

ಮೊದಲು ಹಾಗಿರಲಿಲ್ಲ. ಗುಂಪಿನ ಒಬ್ಬಳು ತನ್ನ ಅಜ್ಜಿ ಹೇಳಿದ್ದನ್ನ ಎರಡು ಪ್ಯಾರಾ ಬರೆದಿದ್ದಳು. ಮರ ಅಪ್ಪಿ ನಿಂತಾಗ ಕಾಲಿಗೆ ಇಂಬಳ ಹತ್ತಿದ್ದು, ಕೊಟ್ಟಿಗೆ ಕೆಲಸ ತಡವಾಯ್ತು ಅಂತ ಮನೇಲಿ ಬೈಸಿಕೊಂಡಿದ್ದು. ಮರುದಿನ ನೋಡಿದ್ರೆ ಅದು ಮಾಯ. ಯಾರು ತೆಗೆದದ್ದು ಅಂತ ಫೈಲಿನ ಹಳೆಯ ಆವೃತ್ತಿಗಳನ್ನ ತೆಗೆದು ನೋಡಿದೆ. ಮಾರಾಯ್ರೆ, ತೆಗೆದದ್ದು ನಾನೇ! "ಇದು ನೆಟ್‌ನಲ್ಲಿ ಎಲ್ಲೂ ಇಲ್ಲ" ಅಂತ ಕಾಮೆಂಟ್ ಬೇರೆ ಹಾಕಿದ್ದೆ. ಅದಕ್ಕೆ ಮೂರು ಥಂಬ್ಸ್ ಅಪ್. ಅವಳು ಏನೂ ಹೇಳಲಿಲ್ಲ.

ನೆಟ್‌ನಲ್ಲಿ ಒಟ್ಟಿಗೆ ಕೆಲಸ ಮಾಡಿದ್ರೆ ಎಲ್ಲರ ತಲೆ ಒಂದೇ ಆಗ್ತದೆ ಅನ್ನೋರಿದ್ದಾರೆ. ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಕನ್ನಡ ವಿಕಿಪೀಡಿಯ ನೋಡಿ, 2003ರಿಂದ ಇದೆ. ಒಂದು ಲೇಖನವನ್ನ ಎಷ್ಟೋ ಜನ ತಿದ್ದಿರ್ತಾರೆ. ಆದ್ರೆ 'ಇತಿಹಾಸ' ಒತ್ತಿದ್ರೆ ಯಾವ ಸಾಲು ಯಾವ ಖಾತೆಯಿಂದ ಬಂತು ಅಂತ ಗೊತ್ತಾಗ್ತದೆ, 'ಚರ್ಚೆ' ಪುಟದಲ್ಲಿ ಜಗಳ ಆಡಲಿಕ್ಕೂ ಜಾಗ ಇದೆ. ಸ್ವಂತ ನೆನಪು, ಸ್ವಂತ ಅಭಿಪ್ರಾಯ ಅಲ್ಲಿ ನಡೆಯೋದಿಲ್ಲ, ನಿಜ. ವಿಶ್ವಕೋಶಕ್ಕೆ ಅದು ಸರಿ. ಓದುವವನಿಗೆ ಆಧಾರ ಬೇಕಲ್ಲ. ನಾನು ಮಾಡಿದ ಮಳ್ಳುತನ ಅಂದ್ರೆ, ವಿಶ್ವಕೋಶದ ನಿಯಮವನ್ನ ಕ್ಲಾಸಿನ ಅಸೈನ್‌ಮೆಂಟಿಗೆ ತಂದು ಹಚ್ಚಿದ್ದು.

ಒಟ್ಟಾಗಿ ಯೋಚಿಸೋದು ಅಂದ್ರೆ ಹೇಗಿರ್ತದೆ ಅಂತ ತೋರಿಸಲಿಕ್ಕೆ ನಮ್ಮ ದೊಡ್ಮನೆ ಕಡೆಯವರಿಗೆ ಇಂಟರ್ನೆಟ್ಟೇ ಬೇಕಂತಿಲ್ಲ. ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡೋ ಪದ್ಯ ಎಲ್ಲರಿಗೂ ಒಂದೇ, ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದ್ರೆ ಅರ್ಥ ಬರೆದಿಟ್ಟದ್ದಲ್ಲ, ಅರ್ಥಧಾರಿ ಅಲ್ಲೇ ಕೂತು ಕಟ್ಟಬೇಕು. ಕೃಷ್ಣ ಸಂಧಾನದಲ್ಲಿ ಕೌರವ ಇವತ್ತು ಹೊಸ ಪ್ರಶ್ನೆ ಎತ್ತಿದ್ರೆ ಕೃಷ್ಣ ಹೊಸ ಉತ್ತರವನ್ನೇ ಕೊಡಬೇಕು. ಕೌರವ ಸುಮ್ಮನೆ ಥಂಬ್ಸ್ ಅಪ್ ಒತ್ತಿ ಕೂತ್ರೆ ಪ್ರಸಂಗ ಅರ್ಧ ಗಂಟೆಗೇ ಮುಗೀತು! (ಒಬ್ಬರೇ ಮಾತಾಡಿ ಮಾತಾಡಿ ಉಳಿದವರನ್ನ ತೂಕಡಿಸೋ ಹಾಗೆ ಮಾಡೋದೂ ಉಂಟು. ಅದು ಬೇರೆ ರೋಗ.)

ನಮ್ಮ ಐವರ ಡಾಕ್‌ನಲ್ಲಿ ಇರದೇ ಇದ್ದದ್ದು ಆ ಎದುರಾಳಿ. ಮೊದಲು ಬರೆದವನ ಮಾತೇ ಎಲ್ಲರ ಮಾತಾಯ್ತು. ಅದನ್ನ ಸಾಮೂಹಿಕ ಚಿಂತನೆ ಅಂತ ಕರೆದ್ರೆ ಚಿಂತನೆ ಅನ್ನೋ ಶಬ್ದಕ್ಕೇ ಬೇಜಾರಾದೀತು. ಯೋಚಿಸಿದ್ದು ಅವಳೊಬ್ಬಳು. ಅವಳು ಬರೆದದ್ದನ್ನೇ ಅಳಿಸಿದೆವು.

ನಿನ್ನೆ ರಾತ್ರಿ ಅವಳಿಗೆ ಮೆಸೇಜ್ ಮಾಡಿ ತಪ್ಪಾಯ್ತು ಅಂದೆ. "ಅಜ್ಜಿ ಹತ್ರ ಇನ್ನೂ ಕೇಳೋದು ಬಾಕಿ ಇದೆ" ಅಂತ ಉತ್ತರ ಬಂತು.

ಆ ಎರಡು ಪ್ಯಾರಾ ಅವಳ ಹೆಸರಿನ ಸಮೇತ ವಾಪಸ್ ಹಾಕಿದ್ದೇನೆ. ಗುಂಪಿನವರೇ, ತೆಗೀಬೇಕು ಅನ್ಸಿದ್ರೆ ತೆಗೀರಿ, ಆದ್ರೆ ಎಂತಕ್ಕೆ ಅಂತ ಪಕ್ಕದಲ್ಲಿ ಬರೀರಿ. ಥಂಬ್ಸ್ ಅಪ್ ಲೆಕ್ಕಕ್ಕಿಲ್ಲ.